ನಮ್ಮ ಕೋಣೆಯ ಬೀಗ

ವಿದ್ಯಾರ್ಥಿಯ ಕೋಣೆಗೆ ಕಳ್ಳ ನುಗ್ಗಿದರೆ ಅವನೇ ಮರುಕಗೊಂಡು ನಾಲ್ಕು ಕಾಸು ಇಟ್ಟುಹೋದಾನು ಎಂಬ ಹಾಸ್ಯವನ್ನು ನಮ್ಮ ಹಿರಿಯರು ಹೇಳುವುದುಂಟು. ಅವರ ಕಾಲಕ್ಕೆ ಅದು ಸರಿಯಾಗಿಯೇ ಇದ್ದಿರಬೇಕು. ಒಂದು ತಗಡಿನ ಟ್ರಂಕು, ಎರಡು ಪಂಚೆ, ಊರಿನಿಂದ ಬಂದ ಚಟ್ನಿಪುಡಿಯ ಡಬ್ಬಿ—ಇವುಗಳಲ್ಲಿ ಕಳ್ಳನ ಕಣ್ಣು ಯಾವುದರ ಮೇಲೆ ಬೀಳಬೇಕು? ಚಟ್ನಿಪುಡಿಯ ವಿಷಯದಲ್ಲಂತೂ ಪಕ್ಕದ ಕೋಣೆಯವರು ಅವನಿಗಿಂತ ಮೊದಲೇ ಬಂದುಹೋಗಿರುತ್ತಿದ್ದರು. ಈಗ ಹಾಗಲ್ಲ. ಫೀಸಿಗೆ ಪರದಾಡುವ ಹುಡುಗನ ಬಳಿಯೂ ಒಂದು ಲ್ಯಾಪ್‌ಟಾಪು, ಒಂದು ಫೋನು ಇರುತ್ತವೆ. ಅಷ್ಟು ಬೆಲೆಯ ಸಾಮಾನು ಅವನ ಮನೆಯಲ್ಲಿ ಬೇರೊಂದು ಇರಲಾರದು.

ಸಂಸ್ಕೃತ ನಾಟಕ ಓದಿದವರಿಗೆ ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕನ ನೆನಪಿರಬಹುದು. ಚಾರುದತ್ತನ ಗೋಡೆಗೆ ಕನ್ನ ಹಾಕುವ ಮೊದಲು, ಯಾವ ಆಕಾರದಲ್ಲಿ ಕೊರೆದರೆ ಬೆಳಿಗ್ಗೆ ನೋಡಿದವರು ಮೆಚ್ಚಿಯಾರು ಎಂದು ಯೋಚಿಸುವ ಮಹಾಶಯ ಆತ! ಅಳತೆಯ ದಾರ ಮರೆತುಬಂದುದರಿಂದ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಒಳಹೊಕ್ಕರೆ ಕಾಣುವುದು ಮೃದಂಗ, ವೀಣೆ, ಪುಸ್ತಕಗಳು. ಬಡವನ ಮನೆಯೆಂದು ತಿಳಿದು ಇನ್ನೇನು ಹೊರಡಬೇಕು, ನಿದ್ದೆಯಲ್ಲಿ ಕನವರಿಸುತ್ತಿದ್ದ ಮೈತ್ರೇಯನೇ ಒಡವೆಯ ಗಂಟನ್ನು ಅವನ ಕೈಗೆ ಕೊಟ್ಟುಬಿಡುತ್ತಾನೆ. ಬೆಳಗಿನ ಜಾವ ಬಾಗಿಲು ತೆರೆದಿಟ್ಟು, ಕಿಟಕಿಯ ಪಕ್ಕದಲ್ಲಿ ಫೋನನ್ನು ಚಾರ್ಜಿಗೆ ಹಾಕಿ ಗೊರಕೆ ಹೊಡೆಯುವ ನಮ್ಮ ಹಾಸ್ಟೆಲಿನ ಮಿತ್ರರೆಲ್ಲ ಈ ಮೈತ್ರೇಯನ ಗೋತ್ರದವರೇ.

ನಾವು ಮೂವರು ಆ ಗೋತ್ರದವರಲ್ಲ. ಏಳು ಲಿವರಿನ ಬೀಗ ತಂದಿದ್ದೆವು. ಬೀಗ ಮಾಡಿದವನು ಬೀಗುವುದು ಸಹಜ. ಆದರೆ ೧೮೫೧ರ ಲಂಡನ್ನಿನ ಮಹಾಪ್ರದರ್ಶನದ ಕಾಲದಲ್ಲಿ ಅಮೆರಿಕದ ಹಾಬ್ಸ್ ಎಂಬಾತ ಆ ಬೀಗುವಿಕೆಯನ್ನು ಇಳಿಸಿದ್ದ. ಯಾರಿಂದಲೂ ತೆಗೆಯಲಾಗದೆಂದು ಹೆಸರಾಗಿದ್ದ ಚಬ್ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದ. ತೆಗೆದವರಿಗೆ ೨೦೦ ಗಿನಿ ಬಹುಮಾನವೆಂದು ಸಾರಿದ್ದ ಬ್ರಾಮಾ ಬೀಗಕ್ಕೆ ಮಾತ್ರ ಒಟ್ಟು ೫೧ ಗಂಟೆ ಹಿಡಿಯಿತು.

ನಮ್ಮ ಕೋಣೆಗೆ ಬಂದವನಿಗೆ ಆ ವಿದ್ಯೆಯಾವುದೂ ಬೇಕಾಗಲಿಲ್ಲ. ಮನೆಯೊಡನೆ ಬಂದಿದ್ದ ಹಳೆಯ ಕೊಂಡಿಯ ನಾಲ್ಕು ಸ್ಕ್ರೂಗಳನ್ನು ತಿರುಗಿಸಿ ತೆಗೆದ. ಮಧ್ಯಾಹ್ನ ನಾವು ಕಾಲೇಜಿನಿಂದ ಬಂದಾಗ ಬೀಗವು ಮುಕ್ಕಾಗದೆ, ಕೊಂಡಿಯ ಸಮೇತ ಬಾಗಿಲಿನಿಂದ ನೇತಾಡುತ್ತಿತ್ತು. ಅಂಗಡಿಯವನು ಏಳು ಲಿವರುಗಳನ್ನು ಹೊಗಳಿದ್ದೇ ಹೊಗಳಿದ್ದು, ಕೊಂಡಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಮುಚ್ಚಿದಾಗ ಸ್ಕ್ರೂಗಳು ಅಡಿಯಲ್ಲಿ ಮರೆಯಾಗುವಂಥ ಕೊಂಡಿ ಬೇಕು. ಅದಕ್ಕೂ ಸ್ಕ್ರೂಗಳಿಗಿಂತ, ಬಾಗಿಲನ್ನು ತೂರಿ ಒಳಗಡೆ ನಟ್ಟು ಬಿಗಿಯುವ ಬೋಲ್ಟು ಲೇಸು. ಬಡಗಿಗೆ ಅರ್ಧ ಗಂಟೆಯ ಕೆಲಸ.

ಇಲ್ಲಿ ಅಜ್ಜಿಯ ವಿಷಯ ಹೇಳಬೇಕು. ಮನೆಯ ಯಜಮಾನರ ತಾಯಿ. ಕೆಳಗಿನ ಜಗಲಿಯಲ್ಲಿ ಕುಳಿತು, ಮೆಟ್ಟಿಲ ಮೇಲೆ ಕಾಲಿಟ್ಟವರನ್ನೆಲ್ಲ “ಯಾರಪ್ಪಾ ಅದು? ಯಾರನ್ನ ನೋಡಬೇಕು?” ಎಂದು ಕೇಳುವವರು. ಎರಡು ವರ್ಷದಿಂದ ಇರುವ ನಮ್ಮನ್ನೂ ಕೇಳುತ್ತಾರೆ. ಅವರು ಮೊಮ್ಮಗಳ ಬಾಣಂತನಕ್ಕೆಂದು ಊರಿಗೆ ಹೋದ ಐದನೆಯ ದಿನ ಈ ಕಳವಾಯಿತು.

ಹೋದದ್ದು ನಮ್ಮ ಗೆಳೆಯನ ಚೀಲ. ಅದರಲ್ಲಿ ಅವನ ಅಕ್ಕ ಗಾರ್ಮೆಂಟ್ಸಿನಲ್ಲಿ ದುಡಿದು ಕೊಡಿಸಿದ್ದ ಲ್ಯಾಪ್‌ಟಾಪು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳು. ಅಂಕಪಟ್ಟಿಗಳು ಡಿಜಿಲಾಕರಿನಲ್ಲಿ ಸಿಕ್ಕಿದವು. ಸ್ಕ್ರೂ ತಿರುಗಿಸಿ ತೆಗೆಯಲಾಗದ ಕೊಂಡಿ ಸದ್ಯಕ್ಕೆ ಅದೊಂದೇ. ಠಾಣೆಯಲ್ಲಿ ಯಂತ್ರದ ನಂಬರು ಕೇಳಿದರು. ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅಕ್ಕ ಸೀರೆ ಮಡಿಸಿಟ್ಟಿದ್ದರು. ಪೆಟ್ಟಿಗೆಯ ಬದಿಯ ಚೀಟಿಯನ್ನು ನೋಡಿ, ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಓದಿ ಹೇಳಿದರು. (ಫೋನಿನ ವಿಷಯದಲ್ಲಿ ಇದು ಇನ್ನೂ ಸುಲಭ. ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ ಹದಿನೈದು ಅಂಕಿಗಳ ನಂಬರು ಬರುತ್ತದೆ. ಅದನ್ನು ಬರೆದಿಟ್ಟವರು, ೨೦೨೩ರಿಂದ ದೇಶಕ್ಕೆಲ್ಲ ದೊರೆತಿರುವ ಸರ್ಕಾರದ ಸಿಇಐಆರ್ ವ್ಯವಸ್ಥೆಯ ಮೂಲಕ ಕಳೆದ ಫೋನು ಕೆಲಸ ಮಾಡದಂತೆ ತಡೆಯಬಹುದು.)

ದೂರಿನ ನಮೂನೆಯಲ್ಲಿ ಅನುಮಾನಿತರ ಹೆಸರಿಗೆ ಒಂದು ಅಂಕಣವಿದೆ. ಯಜಮಾನರು ಜೊತೆಯಲ್ಲಿಯೇ ಬಂದಿದ್ದರು. ನಮಗೆ ಪತ್ರಿಕೆ ಹಾಕುವ ಹುಡುಗನ ಹೆಸರು ಹೇಳಿದರು. ಅವನು ನಮ್ಮ ತರಗತಿಯವನೇ. ಬೆಳಿಗ್ಗೆ ನೂರು ಮನೆಗೆ ಪತ್ರಿಕೆ ಹಂಚಿ ಹತ್ತಕ್ಕೆ ಮುಂದಿನ ಬೆಂಚಿನಲ್ಲಿ ಕೂರುವವನು. ಹೊರಗಿನವರಲ್ಲಿ ಮಹಡಿ ಹತ್ತುವವನು ಅವನೊಬ್ಬನೇ, ನಾವು ಮನೆಯಲ್ಲಿರದ ಹೊತ್ತು ಅವನಿಗೆ ಗೊತ್ತು, ಅಂದು ತರಗತಿಗೂ ಬಂದಿರಲಿಲ್ಲ ಎಂಬುದು ಅವರ ತರ್ಕ. ತಿಂಗಳ ಮೊದಲ ವಾರ; ಅವನು ಬಿಲ್ಲು ವಸೂಲಿಗೆ ಹೋಗಿದ್ದ. ಗೆಳೆಯ ತಲೆ ತಗ್ಗಿಸಿ, “ನಾನು ಕಾಣದ್ದನ್ನ ಹೇಗೆ ಬರೆಸಲಿ ಸಾರ್?” ಎಂದ. ಅಂಕಣದಲ್ಲಿ ‘ಅಪರಿಚಿತರು’ ಎಂದು ಬರೆಸಿದ. ವಾಸದ ಮನೆಯ ಕಳವಿಗೆ ಏಳು ವರ್ಷದವರೆಗೆ ಸಜೆಯುಂಟು. ಹಿಂದಿನ ದಂಡಸಂಹಿತೆಯಲ್ಲಿಯೂ ಅಷ್ಟೇ, ೨೦೨೪ರ ಜುಲೈಯಿಂದ ಬಂದಿರುವ ನ್ಯಾಯಸಂಹಿತೆಯ ೩೦೫ನೆಯ ಕಲಮಿನಲ್ಲಿಯೂ ಅಷ್ಟೇ. ಬರಿಯ ಮಾತಿನ ಸಜೆಗೆ ಕಲಮೂ ಇಲ್ಲ, ಅವಧಿಯೂ ಇಲ್ಲ. ಠಾಣೆಯಲ್ಲಿ ಬರೆಸದ ಹೆಸರು ಬೀದಿಯಲ್ಲಿ ಹರಡಿತು. ಹುಡುಗ ಹಿಂದಿನ ಬೆಂಚಿಗೆ ಹೋದ. ಮಹಡಿ ಹತ್ತುವುದನ್ನು ಬಿಟ್ಟು, ಪತ್ರಿಕೆಯನ್ನು ರಸ್ತೆಯಿಂದಲೇ ಒಳಕ್ಕೆ ಎಸೆಯತೊಡಗಿದ.

ಲ್ಯಾಪ್‌ಟಾಪು ಈವರೆಗೆ ಸಿಕ್ಕಿಲ್ಲ. ಅಜ್ಜಿ ತಿಂಗಳ ಕೊನೆಗೆ ಬಂದರು. ಮಗ ಹೇಳಿದ್ದನ್ನೆಲ್ಲ ಕೇಳಿ ಏನೂ ಅನ್ನಲಿಲ್ಲವಂತೆ. ಮರುದಿನ ಕತ್ತಲಿರುವಾಗಲೇ ಜಗಲಿಗೆ ಬಂದು ಕುಳಿತಿದ್ದರು. ಸೈಕಲ್ಲಿನ ಸದ್ದು, ಹಿಂದೆಯೇ ಪತ್ರಿಕೆ ಬಿದ್ದ ಸದ್ದು.

“ಯಾರಪ್ಪಾ ಅದು?” ಎಂದು ಅಜ್ಜಿಯ ಗಂಟಲು. “ಎಸೆದು ಹೋಗೋದು ಯಾವೂರ ಪದ್ಧತಿ? ಬಾ ಇಲ್ಲಿ, ಎತ್ಕೊಂಡು ಮೇಲೆ ಹೋಗಿ ಕೊಟ್ಟು ಬಾ. ಬರ್ತಾ ಕಾಫಿ ಕುಡ್ಕೊಂಡು ಹೋಗು.”

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಗೆಳೆಯ ಹೊದಿಕೆ ಸರಿಸಿ ಎದ್ದು, ಹೊಸ ಚಿಲಕ ತೆಗೆದ.