ಸಣ್ಣ ಹಡಗು, ಸತ್ಯದ ಕಡಲು

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರದಲ್ಲಿ ‘ವಾಸಾ’ ಎಂಬ ಯುದ್ಧನೌಕೆಗೆಂದೇ ಕಟ್ಟಿದ ವಸ್ತುಸಂಗ್ರಹಾಲಯವೊಂದುಂಟು. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲ್ಪಟ್ಟ ಆ ನೌಕೆಯ ಕಪ್ಪಾದ ಓಕ್ ಮರದ ಒಡಲನ್ನು ಕಂಡು ನಾವು ಬೆರಗಾದೆವು. ಆದರೆ ಅದರ ಪೂರ್ವರೂಪವನ್ನು ನಮಗೆ ತಿಳಿಸಿದುದು ಅಲ್ಲಿಯೇ ಇರಿಸಿರುವ, ಹತ್ತರಲ್ಲೊಂದು ಪ್ರಮಾಣದ ಪ್ರತಿಕೃತಿ. ಮರದಲ್ಲಿ ಉಳಿದಿದ್ದ ವರ್ಣಕಣಗಳನ್ನು ಪರೀಕ್ಷಿಸಿ, ಅದರ ಶಿಲ್ಪಗಳಿಗೆ ಕೆಂಪು ಮೊದಲಾದ ಬಣ್ಣಗಳನ್ನು ಬಳಿದಿರುವರು.

ಇಂತಹ ಪ್ರತಿಕೃತಿಗೆ ಕಡಲನ್ನೂ ಕೂಡಿಸಿ ದೃಶ್ಯವನ್ನು ರಚಿಸುವುದು ಸುಲಭವಲ್ಲ. ಹಡಗನ್ನು ಕಿರಿದು ಮಾಡಬಹುದು. ನೀರಿನ ಹನಿಯು ಕಿರಿದಾಗದು. ಆದುದರಿಂದ ಕುಶಲಿಗಳು ಗಾರೆಯಿಂದ ಅಲೆಗಳನ್ನು ತಿದ್ದಿ, ಬಣ್ಣ ಹಚ್ಚಿ, ಮೇಲೆ ತಿಳಿಯಾದ ರಾಳವನ್ನೆರೆದು, ಹತ್ತಿಯ ಎಳೆಗಳಿಂದ ನೊರೆಯನ್ನು ತೋರಿಸುವರು.

ಮುಳುಗುವ ಹಡಗೆಂದೊಡನೆ ಪರ್ವತಾಕಾರದ ತೆರೆಗಳನ್ನೆಬ್ಬಿಸಲು ಕೈ ತವಕಿಸುವುದು ಸಹಜ. ವಾಸಾದ ವಿಷಯದಲ್ಲಿ ಅದು ಅಸತ್ಯ. ಅಂದು ಬಿರುಗಾಳಿಯಿರಲಿಲ್ಲ. ಬಂದರಿನೊಳಗೇ ಸುಮಾರು 1,300 ಮೀಟರು ಸಾಗುವಷ್ಟರಲ್ಲಿ, ಬೀಸಿದ ಒಂದು ಗಾಳಿಗೆ ಹಡಗು ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಸುಮಾರು 30 ಮಂದಿ ಮಡಿದರು. ಮೇಲೆ ಭಾರ ಹೆಚ್ಚು, ತಳದಲ್ಲಿ ತುಂಬಿದ ಕಲ್ಲಿನ ಭಾರ ಸಾಲದು: ಇದೇ ಕಾರಣ. ಹೊರಡುವ ಮೊದಲೇ 30 ನಾವಿಕರನ್ನು ಅತ್ತಿಂದಿತ್ತ ಓಡಿಸಿ ನೋಡಿದ್ದರು. ಹಡಗು ಅಪಾಯಕರವಾಗಿ ತೂಗಾಡಲು, ಪರೀಕ್ಷೆಯನ್ನು ನಿಲ್ಲಿಸಿದರೇ ಹೊರತು ಪ್ರಯಾಣವನ್ನು ನಿಲ್ಲಿಸಲಿಲ್ಲ.

ವಾಚಕರೇ, ವಾಸಾದ ಕಡಲನ್ನು ನಿರ್ಮಿಸುವವನು ಸಣ್ಣ ಅಲೆಗಳನ್ನಷ್ಟೇ ಮಾಡಬೇಕು. ಮನುಷ್ಯರ ದೋಷವನ್ನು ಸಮುದ್ರದ ಮೇಲೆ ಹೊರಿಸಬಾರದು.