'ಅಯ್ಯ' ಅಂದವರು ಅತ್ತಿರಲಿಲ್ಲ

ಊರಲ್ಲಿ ಯಾರನ್ನಾದರೂ ಮಾತಾಡಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ಆಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ಮಾತು ಬರೆದುಕೊಳ್ಳುವುದು ನಮ್ಮ ಕೆಲಸದಲ್ಲಿ ದೊಡ್ಡ ಪಾಲು. ಹತ್ತು ನಿಮಿಷದ ಮಾತು ಬರೆಯೋಕೆ ಒಂದು ಗಂಟೆಯಾದರೂ ಬೇಕು. ಈ ಕೆಲಸಕ್ಕೆ ಹೊಸದಾಗಿ ಬಂದವರ ಬರಹ ನೋಡಿದರೆ ಒಂದು ವಿಷಯ ತಕ್ಷಣ ಕಾಣುತ್ತದೆ. ಮಾತೆಲ್ಲ ಇರುತ್ತದೆ, ಸದ್ದು ಇರುವುದಿಲ್ಲ. ಅಯ್ಯೋ, ಅಬ್ಬಾ, ಥೂ, ಛೇ, ಹೂಂ, ಏಯ್ ಇವೆಲ್ಲ ಅಕ್ಕಿಯಲ್ಲಿನ ಕಲ್ಲು ಅನ್ನುವ ಹಾಗೆ ಆರಿಸಿ ಆಚೆ ಹಾಕಿರುತ್ತಾರೆ.

ಅವರ ತಪ್ಪೇನಿಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆಲ್ಲ ಕಲಿಸಿದ್ದು ಆರು ಪ್ರಶ್ನೆ: ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರರಲ್ಲಿ 'ಅಯ್ಯೋ'ಗೆ ಜಾಗ ಎಲ್ಲಿದೆ ಹೇಳಿ?

ಶಾಲೆಯ ವ್ಯಾಕರಣದಲ್ಲಿ ಮಾತ್ರ ಇವಕ್ಕೊಂದು ಜಾಗ ಇದೆ. ಭಾವಸೂಚಕ ಅವ್ಯಯ ಅಂತ ಓದಿದ್ದು ನೆನಪಿರಬಹುದು. ಅವ್ಯಯ ಅಂದರೆ ರೂಪ ಬದಲಾಗದ ಪದ. ಗಂಡಸು ಅಂದರೂ ಅಯ್ಯೋ, ಹೆಂಗಸು ಅಂದರೂ ಅಯ್ಯೋ, ನೂರು ಜನ ಸೇರಿ ಅಂದರೂ ಅಯ್ಯೋ. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದಾಗಲೇ ಅವ್ಯಯಗಳಿಗೆ ಅಂತ ಒಂದು ಪ್ರಕರಣ ಇಟ್ಟಿದ್ದ. ನಮ್ಮ ಪರೀಕ್ಷೆಗೆ ಬಂದಿದ್ದು ಇಷ್ಟೇ: ಅಯ್ಯೋ ದುಃಖಕ್ಕೆ, ಆಹಾ ಸಂತೋಷಕ್ಕೆ, ಛೀ ತಿರಸ್ಕಾರಕ್ಕೆ, ಭಲೇ ಮೆಚ್ಚುಗೆಗೆ. ಹೊಂದಿಸಿ ಬರೆಯಿರಿ, ನಾಲ್ಕು ಅಂಕ.

ಊರಿಗೆ ಬಂದರೆ ಈ ನಾಲ್ಕು ಅಂಕದ ಲೆಕ್ಕ ನಡೆಯುವುದಿಲ್ಲ. ಬಾಗಿಲಿಗೆ ಬಂದ ನೆಂಟರಿಗೆ 'ಅಯ್ಯೋ, ಊಟ ಮಾಡ್ಕೊಂಡ್ ಹೋಗಿ' ಅನ್ನುವಾಗ ಅಲ್ಲಿ ಯಾವ ದುಃಖ ಇದೆ? 'ಅಯ್ಯೋ ಬಿಡಿ, ಅವರ ವಿಷ್ಯ ಯಾಕೆ' ಅನ್ನುವಾಗ ಅದು ಕದ ಹಾಕುವ ಸದ್ದು. ಮೊಮ್ಮಗು ಮೊದಲ ಸಲ ಎದ್ದು ನಿಂತಾಗ ಅಜ್ಜಿ 'ಅಯ್ಯೋ ನನ್ನ ಕಂದಾ' ಅಂದರೆ ಅದು ಹಿಗ್ಗು. ಒಂದೇ ಪದ. ಎಷ್ಟು ಎಳೆದರು, ಎಲ್ಲಿ ನಿಲ್ಲಿಸಿದರು, ಕೈ ಎಲ್ಲಿತ್ತು ಅನ್ನುವುದರ ಮೇಲೆ ಅರ್ಥ.

ಊರಿಂದ ಊರಿಗೆ ಸದ್ದೂ ಬೇರೆ. ನಮ್ಮ ಗುಂಪಿನಲ್ಲಿ ಮಂಡ್ಯ ಕಡೆಯವರಿದ್ದೇವೆ, ಹಾವೇರಿ ಕಡೆಯವರಿದ್ದೇವೆ, ಪುತ್ತೂರು ಕಡೆಯವರೂ ಇದ್ದೇವೆ. ಒಂದೇ ಸುದ್ದಿ ಕೇಳಿ ಒಬ್ಬರು 'ಅಯ್ಯೋ ಸಿವ್ನೇ' ಅಂದರೆ ಇನ್ನೊಬ್ಬರು 'ಯವ್ವಾ', ಮತ್ತೊಬ್ಬರು 'ಅಬ್ಬ ಮಾರಾಯ್ರೇ'. ಬಿದ್ದರೆ, ಬೆಂದರೆ, ಬೆಚ್ಚಿದರೆ ಎಲ್ಲ ಕಡೆಯವರ ಬಾಯಿಗೂ ಮೊದಲು ಬರುವುದು ಹೆತ್ತವರೇ. ಯವ್ವಾ, ಯಪ್ಪಾ, ಅಮ್ಮಾ. ಎಪ್ಪತ್ತು ವರ್ಷದವರೂ ಎಂದೋ ತೀರಿಹೋದ ಅವ್ವನನ್ನೇ ಕರೆಯುತ್ತಾರೆ.

ಧಾರವಾಡ, ಹಾವೇರಿ ಕಡೆಯ ಹೆಂಗಸರ ಬಾಯಲ್ಲಿ ಒಂದು 'ಅಯ್ಯ' ಇದೆ. ಉದ್ದ ಎಳೆಯದ, ಕಡೆಗೆ ಸ್ವಲ್ಪ ಮೇಲೇರುವ 'ಅಯ್ಯ'. ಅದರಲ್ಲಿ ಅಚ್ಚರಿ ಇರುತ್ತದೆ, 'ನಿನಗಷ್ಟೂ ತಿಳಿಯದೇ' ಅನ್ನುವ ಕೊಂಕು ಇರುತ್ತದೆ, ಒಂದಿಷ್ಟು ನಗುವೂ ಇರುತ್ತದೆ. ಈ ಬರಹ ಬರೆಯುವ ಹಾಗೆ ಮಾಡಿದ್ದು ಅಂಥದೊಂದು 'ಅಯ್ಯ'.

ನಮ್ಮಲ್ಲೊಬ್ಬರು ಆಗ ಒಂದು ಪತ್ರಿಕೆಗೆ ಬರೆಯುತ್ತಿದ್ದರು. ಹಾವೇರಿ ಕಡೆ ಗೋವಿನಜೋಳ ಕಿತ್ತು ಒಣಗಲು ಹಾಕಿದ್ದ ಹೊತ್ತಿಗೆ ಮಳೆ ಹಿಡಿಯಿತು. ತಾಡಪಾಲು ಇದ್ದವರು ಮುಚ್ಚಿದರು, ಇಲ್ಲದವರು ನಿಂತು ನೋಡಿದರು. ನಾಲ್ಕನೇ ದಿನ ಹೋದಾಗ ಒಬ್ಬ ವಯಸ್ಸಾದ ತಾಯಿ ರಾಶಿಯ ಪಕ್ಕ ಕೂತಿದ್ದರು. 'ಎಷ್ಟ್ ನಷ್ಟ ಆತ್ರಿ ಅಮ್ಮಾರ?' ಅಂತ ಕೇಳಿದ್ದಕ್ಕೆ ಅವರು ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿದರು. 'ಅಯ್ಯ, ನಷ್ಟ ಎಲ್ಲಿದು ತಮ್ಮಾ? ನೋಡು, ಎಷ್ಟ್ ಚಂದ ಮೊಳಕಿ ಬಂದಾವು' ಅಂದರು. ಅಂದು ನಕ್ಕರು.

ಆ ಮಾತನ್ನು ಹೇಳಿದ ಹಾಗೇ ಬರೆದು ಕಳಿಸಲಾಗಿತ್ತು. ಮಾರನೇ ದಿನ ಅಚ್ಚಾಗಿದ್ದು ಇದು: 'ಬೆಳೆ ಹಾನಿಯಿಂದ ತೀವ್ರ ನಷ್ಟ ಉಂಟಾಗಿದೆ ಎಂದು ರೈತ ಮಹಿಳೆ ಅಳಲು ತೋಡಿಕೊಂಡರು.'

ಎರಡು ದಿನ ಬಿಟ್ಟು ಆ ತಾಯಿಗೆ ಯಾರೋ ಪೇಪರ್ ಓದಿ ಹೇಳಿದ್ದರು. ಮತ್ತೆ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. 'ನಾ ಯಾವಾಗ ಅತ್ತಿದ್ನೋ ತಮ್ಮಾ?'

ನಷ್ಟ ಆಗಿದ್ದು ನಿಜ. ಪೇಪರ್‌ನಲ್ಲಿ ಸುಳ್ಳು ಬಂದಿದೆ ಅಂತ ಹೇಳೋಕೆ ಬರುವುದಿಲ್ಲ. ಆದರೆ ಮೊಳಕೆಯೊಡೆದ ಕಾಳು ಅಂಗೈಯಲ್ಲಿಟ್ಟುಕೊಂಡು ನಕ್ಕ ಮನುಷ್ಯಳನ್ನು ಕೈಮುಗಿದು ಅಳುವವಳನ್ನಾಗಿ ಮಾಡಿದ್ದು ನಿಜ ಅಂತಲೂ ಹೇಳಲಾಗದು. ಅವರ ನಗುವಿನಲ್ಲಿ ಸಿಟ್ಟಿತ್ತು, 'ಬಂದು ಬರೆದುಕೊಂಡು ಹೋಗುವವರನ್ನು ಬಹಳ ಕಂಡಿದ್ದೀನಿ' ಅನ್ನುವುದೂ ಇತ್ತು. ಅಷ್ಟನ್ನೂ ಹೊತ್ತಿದ್ದು ಆ ಎರಡಕ್ಷರ. ಅದನ್ನು ತೆಗೆದ ಮೇಲೆ ಉಳಿದ ಮಾತಿಗೆ ತಲೆಬುಡ ಇಲ್ಲ. 'ನಷ್ಟ ಎಲ್ಲಿದು, ಚಂದ ಮೊಳಕೆ ಬಂದಿದೆ' ಅಂತ ಹಾಗೇ ಹಾಕಿದರೆ ಬೆಳೆ ಚೆನ್ನಾಗಿದೆ ಅಂತ ಅರ್ಥವಾಗುತ್ತದೆ. ಹಾಗಾಗಿ ಡೆಸ್ಕ್‌ನವರು ಅದನ್ನು 'ಅಳಲು' ಮಾಡಿದರು.

ನಮ್ಮ ಪತ್ರಿಕೆ ಭಾಷೆಯಲ್ಲಿ ಇಂಥ ಸಿದ್ಧ ಅಂಗಿಗಳು ಬಹಳ ಇವೆ. ಅಳಲು ತೋಡಿಕೊಂಡರು, ಆಕ್ರೋಶ ವ್ಯಕ್ತಪಡಿಸಿದರು, ಹರ್ಷ ವ್ಯಕ್ತಪಡಿಸಿದರು. ಯಾರು ಬಂದರೂ ಈ ಮೂರರಲ್ಲಿ ಒಂದು ತೊಡಿಸಿ ಕಳಿಸುತ್ತಾರೆ. ಊರಿನಲ್ಲಿ ಯಾರಾದರೂ ಹರ್ಷ 'ವ್ಯಕ್ತಪಡಿಸಿದ್ದನ್ನು' ನೀವು ನೋಡಿದ್ದೀರಾ? ನಾವಂತೂ ನೋಡಿಲ್ಲ.

ತಮಾಷೆ ಅಂದರೆ, 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ನಮ್ಮ ದಕ್ಷಿಣದ 'ಅಯ್ಯೋ'ವನ್ನು ಇಂಗ್ಲಿಷ್ ಪದವಾಗಿ ಸೇರಿಸಿಕೊಂಡಿತು. ಅವರು ಕರೆದು ಕೂರಿಸಿಕೊಂಡರು, ನಾವು ಎದ್ದೇಳಿಸಿ ಕಳಿಸುತ್ತಿದ್ದೇವೆ. ಹಿಂದಿನ ದೊಡ್ಡವರಿಗೆ ಈ ಮಡಿ ಇರಲಿಲ್ಲ. ಕುಮಾರವ್ಯಾಸನ ಗದುಗಿನ ಭಾರತದಲ್ಲಿ ಅಕಟಕಟಾ, ಶಿವಶಿವಾ, ಭಾಪುರೆ ಬೇಕಾದಷ್ಟು ಸಿಗುತ್ತವೆ. ಗಮಕಿಗಳು ಓದುವಾಗ ಅಂಥ ಜಾಗದಲ್ಲೇ ಜನ ಕೂತಲ್ಲಿಂದ ಮುಂದಕ್ಕೆ ಬಾಗುವುದು. ಯಕ್ಷಗಾನ, ಮೂಡಲಪಾಯದ ವೇಷಧಾರಿ 'ಭಳಿರೇ' ಅನ್ನದೆ ರಾಜ ಆಗುವುದು ಹೇಗೆ?

ಇನ್ನು 'ಏಯ್'. ಇದು ಭಾವ ಹೇಳುವ ಪದವೋ ಕರೆಯುವ ಪದವೋ ಅಂತ ವ್ಯಾಕರಣದವರು ಜಗಳ ಆಡಲಿ. ಊರಿನಲ್ಲಿ ಅದು ಎರಡೂ ಹೌದು, ಅದಕ್ಕಿಂತ ಹೆಚ್ಚೂ ಹೌದು. ನಮ್ಮಲ್ಲಿ ಒಬ್ಬರ ತಾತ, ಮಂಡ್ಯ ಕಡೆಯವರು, ಜೀತ ಮಾಡಿ ಬದುಕಿದವರು. ಗೌಡರ ಮನೆಯ ಹತ್ತು ವರ್ಷದ ಹುಡುಗ ಜಗಲಿ ಮೇಲಿಂದ 'ಏಯ್' ಅಂದರೆ ತಾತ 'ಬುದ್ಧೀ' ಅಂತ ಎದ್ದು ನಿಲ್ಲುತ್ತಿದ್ದರಂತೆ. ಹೆಗಲ ಮೇಲಿನ ಟವೆಲ್ ಕಂಕುಳಿಗೆ ಇಳಿಯುತ್ತಿತ್ತಂತೆ. ಒಂದು ಸದ್ದು, ಅದಕ್ಕೊಂದು ಉತ್ತರ. ಯಾರ ಜಮೀನು, ಯಾರ ಕೇರಿ, ಯಾರು ಕೂರಬೇಕು, ಯಾರು ನಿಲ್ಲಬೇಕು ಎಲ್ಲ ಆ ಎರಡರಲ್ಲಿ ಮುಗಿದುಹೋಗುತ್ತಿತ್ತು. ಇವತ್ತು ಆ ಬೀದಿಯಲ್ಲಿ ತಾತನ ಮಗನನ್ನು 'ಏನಣ್ಣಾ' ಅಂತ ಮಾತಾಡಿಸುತ್ತಾರೆ. ಎಲ್ಲ ಬೀದಿಯಲ್ಲೂ ಹಾಗಾಗಿಲ್ಲ ಅಂತ ನಿಮಗೂ ಗೊತ್ತು.

ಹಾಗಾಗಿ ಒಂದು ಗಲಾಟೆಯ ಸುದ್ದಿ ಬರೆಯುವಾಗ 'ಮಾತಿಗೆ ಮಾತು ಬೆಳೆದು' ಅಂತ ಒಂದು ಸಾಲಿನಲ್ಲಿ ದಾಟಿದರೆ, ಜಗಳ ಶುರುವಾದ ಜಾಗವೇ ಕಾಣೆಯಾಗುತ್ತದೆ. ಎಷ್ಟೋ ಸಲ ಶುರುವಾಗಿದ್ದು ಮಾತಿನಿಂದಲ್ಲ, ಒಂದು 'ಏಯ್'ನಿಂದ. ಇಲ್ಲವೇ ಒಂದು 'ಥೂ'ನಿಂದ. ಯಾರು ಯಾರಿಗೆ ಅಂದರು ಅನ್ನುವುದನ್ನು ಬರೆಯಲೇಬೇಕು.

ಈ ಪದಗಳಲ್ಲಿ ನಮಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು 'ಹೂಂ'. ನೋಡಲು ಎಷ್ಟು ಸಾಧು!

ರಾತ್ರಿ ಕತೆ ಹೇಳುವ ಅಜ್ಜಿಗೆ ಹೂಂಗುಟ್ಟಲು ಒಬ್ಬರು ಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ, 'ಮಲಗಿದ್ಯೇನೋ' ಅಂತ ಕೇಳುತ್ತಾರೆ. ಅಲ್ಲಿ ಹೂಂ ಅಂದರೆ 'ಕೇಳಿಸ್ತಿದೆ, ಮುಂದೆ ಹೇಳು'. ರಾಜಕುಮಾರ ಏಳು ಸಮುದ್ರ ದಾಟಿದ್ದನ್ನು ನಾವು ಒಪ್ಪಿಕೊಂಡೆವು ಅಂತ ಅಲ್ಲ. 'ನಾಳೆ ಬರ್ತೀಯಾ?' ಅಂದಾಗಿನ ಹೂಂ ಬೇರೆ, ಅದು ಒಪ್ಪಿಗೆ. ಸಾಲ ಕೇಳಲು ಬಂದವನ ಕತೆಗೆ ಎಳೆದು ಅನ್ನುವ 'ಹೂಂ...' ಮತ್ತೂ ಬೇರೆ, ಅದು ಅನುಮಾನ. ತಲೆ ಅಡ್ಡ ಆಡಿಸಿ ಮೂಗಿನಲ್ಲೇ ಅಂದರೆ ಊಹೂಂ. ಅದು ಇಲ್ಲ.

ಈಗ ಇದೇ ಹೂಂ ಅನ್ನು ಫೋನಿನ ಮುಂದೆ ಇಡಿ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಒಂದು ಕಂಪನಿಯಿಂದ ಫೋನ್ ಬಂತು. ಆ ಕಡೆಯವರು ನಯವಾಗಿ, ವೇಗವಾಗಿ ಹೇಳುತ್ತಾ ಹೋದರು. ಅಜ್ಜಿ ಮರ್ಯಾದೆಯಿಂದ 'ಹೂಂ... ಹೂಂ...' ಅಂತ ಕೇಳುತ್ತಾ ಹೋದರು. ಮಾತಾಡುವವರಿಗೆ ಹೂಂಗುಟ್ಟದೆ ಇರುವುದು ಅಜ್ಜಿಯ ಪ್ರಕಾರ ಗರ್ವದ ಲಕ್ಷಣ. ಆ ತಿಂಗಳಿಂದ ಅವರ ಕರೆನ್ಸಿ ಕಟ್ ಆಗತೊಡಗಿತು. ವಿಚಾರಿಸಿದರೆ 'ಅವರೇ ಒಪ್ಪಿದ್ದಾರಲ್ಲ, ರೆಕಾರ್ಡ್ ಇದೆ' ಅಂದರು. ರೆಕಾರ್ಡ್ ಇತ್ತು, ಹೂಂ ಕೂಡ ಇತ್ತು. ಯಾವ ಹೂಂ ಅಂತ ಕೇಳುವವರು ಇರಲಿಲ್ಲ.

ಫೋನಿನ ಕರೆನ್ಸಿ ಹೋದರೆ ಹೋಗಲಿ. ಆದರೆ ಜಮೀನಿನ ಮಹಜರು ಓದಿ ಹೇಳುವಾಗಲೂ, ಸಂಘದ ಸಾಲದ ಷರತ್ತು ಓದುವಾಗಲೂ, ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಕಾಗದ ಓದುವಾಗಲೂ ನಮ್ಮ ಹಿರಿಯರು ಕತೆ ಕೇಳುವ ಹಾಗೇ ಹೂಂ ಅನ್ನುತ್ತಾರೆ. ಓದುವವರಿಗೆ ಅದು ಒಪ್ಪಿಗೆಯಾಗಿ ಕೇಳುತ್ತದೆ. ಹೆಬ್ಬೆಟ್ಟಿನ ಇಂಕು ಮುಂದೆ ಬರುತ್ತದೆ. ಇಂಥ ಜಾಗದಲ್ಲಿ ನೀವು ಜೊತೆಗಿದ್ದರೆ ಒಂದು ಕೆಲಸ ಮಾಡಿ. ಓದುವವರನ್ನು ನಡುವೆ ನಿಲ್ಲಿಸಿ, 'ಏನಂತ ತಿಳೀತಜ್ಜಿ? ನೀನೇ ಹೇಳು' ಅಂತ ಕೇಳಿ. ಅವರ ಬಾಯಲ್ಲಿ ಅವರ ಮಾತಿನಲ್ಲಿ ಬಂದರೆ ಅದು ಒಪ್ಪಿಗೆ. ನಾವೂ ಈಗ ಯಾರಾದರೂ ಹೂಂ ಅಂದರೆ ಅದನ್ನು 'ಹೌದು ಎಂದರು' ಅಂತ ಬರೆಯುವುದಿಲ್ಲ. ಮತ್ತೊಮ್ಮೆ ಕೇಳುತ್ತೇವೆ.

ಹಾಗಂತ ಸಿಕ್ಕಲ್ಲೆಲ್ಲ ಅಯ್ಯೋ ಸುರಿಯಬೇಕು ಅಂತ ಅಲ್ಲ. ಆ ಕೆಲಸ ಬೇರೆಯವರು ಜೋರಾಗಿ ಮಾಡುತ್ತಿದ್ದಾರೆ. ಮೊಬೈಲ್ ತೆರೆದರೆ ಸಾಕು: 'ಅಬ್ಬಬ್ಬಾ! ಈ ಊರಲ್ಲಿ ನಡೆದಿದ್ದೇನು?', 'ಅಯ್ಯೋ ವಿಧಿಯೇ!!!' ಮೂರು ಮೂರು ಚಿಹ್ನೆ, ಜೊತೆಗೆ ಹಿನ್ನೆಲೆಯಲ್ಲಿ ಡಂ ಅನ್ನುವ ಸಂಗೀತ. ಒಳಗೆ ಹೋಗಿ ನೋಡಿದರೆ ಹಾವೊಂದು ಬೈಕಿನಲ್ಲಿ ಸೇರಿಕೊಂಡಿದೆ, ಅಷ್ಟೇ. ಸಂಕಟದ ಮನೆಯವರು ಸುಮ್ಮನೆ ಕೂತಿರುತ್ತಾರೆ, ಅಬ್ಬಬ್ಬಾ ಅನ್ನುವುದು ಸ್ಟುಡಿಯೋದಲ್ಲಿ ಕೂತವರು. ನಮ್ಮ ಪಾಲಿಗೆ ಇದು ಬಾಡಿಗೆಗೆ ಕರೆತಂದ ಅಳು. ಅಂದವರ ಬಾಯಿಂದ ಅದನ್ನು ತೆಗೆಯಬಾರದು, ಅನ್ನದವರ ಬಾಯಿಗೆ ಹಾಕಬಾರದು. ನಮ್ಮ ಬರಹದಲ್ಲಿ ನಮ್ಮದೇ 'ಅಯ್ಯೋ' ಬಂದರೆ ನಾವೇ ಒಬ್ಬರದೊಬ್ಬರು ಹೊಡೆದು ಹಾಕುತ್ತೇವೆ. ಆಶ್ಚರ್ಯಸೂಚಕ ಚಿಹ್ನೆಗೂ ಪಡಿತರದ ಹಾಗೆ ಲೆಕ್ಕ ಇದೆ.

ವಾಟ್ಸಾಪ್ ಚಿತ್ರಗಳ ಬಗ್ಗೆ ನಮ್ಮಲ್ಲೇ ಒಮ್ಮತ ಇಲ್ಲ. ಅಳುವ ಮುಖ, ನಗುವ ಮುಖ, ಕೈಮುಗಿದ ಚಿತ್ರ ಇವೆಲ್ಲ ಹೊಸ ಕಾಲದ ಭಾವಸೂಚಕ ಅವ್ಯಯ ಅಂತ ಒಬ್ಬರ ವಾದ. ಓದು ಬರಹ ಬಾರದವರೂ ಕಳಿಸಬಹುದು, ಅದೇನು ಕಡಿಮೆಯೇ ಅಂತ. ಇರಬಹುದು. ಆದರೆ ಊರಲ್ಲೊಂದು ಸಾವಾದ ದಿನ ಗುಂಪಿನಲ್ಲಿ ಸಾಲಾಗಿ ನಲವತ್ತು 'ಓಂ ಶಾಂತಿ', ನಲವತ್ತು ಕೈಮುಗಿದ ಚಿತ್ರ ಬಂದವು. ಬೆರಳಿನಿಂದ ಸರಿಸಿದರೆ ಮುಗಿಯಿತು. ನಡುವೆ ಒಂದು ವಾಯ್ಸ್ ಮೆಸೇಜ್ ಇತ್ತು, ಮುಂಬೈಗೆ ದುಡಿಯಲು ಹೋದ ಒಬ್ಬ ಅಕ್ಕನದು. ನಾಲ್ಕು ಸೆಕೆಂಡು. 'ಅಯ್ಯೋ, ಮಾವಾ...' ಅಂತ ಶುರುವಾಗಿ ಅಲ್ಲೇ ನಿಂತುಹೋಗಿತ್ತು. ಅದನ್ನು ಮಾತ್ರ ಎಲ್ಲರೂ ಮತ್ತೆ ಮತ್ತೆ ಕೇಳಿದರು.

ಒಂದು ಸದ್ದು ಮಾತ್ರ ನಮಗೆ ಇನ್ನೂ ಬರೆಯಲು ಬಂದಿಲ್ಲ. ಯಾರದ್ದಾದರೂ ಕಷ್ಟ ಕೇಳಿದಾಗ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಒಳಗೆ ಎಳೆದುಕೊಳ್ಳುತ್ತಾರಲ್ಲ, ಅದು. ಕನ್ನಡದ ವರ್ಣಮಾಲೆ ಪೂರ್ತಿ ಹುಡುಕಿದರೂ ಅದಕ್ಕೊಂದು ಅಕ್ಷರ ಇಲ್ಲ. 'ಚ್ ಚ್ ಚ್' ಅಂತ ಬರೆದರೆ ನಾಯಿಮರಿ ಕರೆದ ಹಾಗಿರುತ್ತದೆ. 'ತ್ಚ' ಅಂದರೆ ಓದುವವರು ಎಡವುತ್ತಾರೆ. ಸದ್ಯಕ್ಕೆ 'ಲೊಚಗುಟ್ಟಿದರು' ಅಂತ ಬರೆಯುತ್ತಿದ್ದೇವೆ. ಎಷ್ಟು ಸಲ ಲೊಚಗುಟ್ಟಿದರು ಅನ್ನುವುದನ್ನೂ ಎಣಿಸಿ ಬರೆಯಬೇಕು ಅಂತ ಗುಂಪಿನಲ್ಲಿ ಒಬ್ಬರ ಹಟ. ಒಂದು ಸಲ ಅಂದರೆ ಬೇಸರ, ಮೂರು ಸಲ ಅಂದರೆ ಮರುಕ ಅಂತ ಅವರ ಲೆಕ್ಕ. ಆ ಜಗಳ ಇನ್ನೂ ನಡೆದಿದೆ.