ನ್ಯಾಯದೇಗುಲದ ಮೆಟ್ಟಿಲುಗಳು

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ‘ನ್ಯಾಯದೇಗುಲ’ಕ್ಕೆ ಹಣ್ಣುಕಾಯಿ ಹಿಡಿದು ಬರುವವರಿಲ್ಲ. ಇಲ್ಲಿಗೆ ಬರುವವರ ಕೈಚೀಲದಲ್ಲಿರುವುದು ಲಗ್ನಪತ್ರಿಕೆ, ಮದುವೆಯ ಫೋಟೋ, ಬ್ಯಾಂಕಿನ ಪಾಸ್‌ಪುಸ್ತಕ. ಕೌಟುಂಬಿಕ ನ್ಯಾಯಾಲಯಗಳೂ, 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಇರುವುದು ಇದೇ ಕಟ್ಟಡದಲ್ಲಿ.

ನ್ಯಾಯಾಲಯದ ಹೊರಗಿನ ಬೆಂಚುಗಳಲ್ಲಿ ಎರಡು ಕಡೆಯವರೂ ಕೂತಿರುತ್ತಾರೆ. ಒಂದು ಕಾಲಕ್ಕೆ ಬೀಗರೆಂದು ಉಪಚರಿಸಿಕೊಂಡವರು ಈಗ ಮುಖ ತಿರುಗಿಸಿಕೊಂಡಿರುತ್ತಾರೆ. ನಡುವೆ ಓಡಾಡುವ ಮಗುವಿಗೆ ಮಾತ್ರ ಎರಡು ಬೆಂಚೂ ತನ್ನದೇ.

ಮಧ್ಯಸ್ಥಿಕೆಯ ಕೋಣೆಯಲ್ಲಿ ಕಟಕಟೆಯಿಲ್ಲ. ಒಂದು ಮೇಜು, ಗಂಡ, ಹೆಂಡತಿ, ತರಬೇತಿ ಪಡೆದ ಮಧ್ಯಸ್ಥಗಾರರು, ಅಷ್ಟೆ. ಅಲ್ಲಿ ಒಲಿದ ಮನಸ್ಸುಗಳೂ ಉಂಟು, ಮುರಿದ ಮಾತುಗಳೂ ಉಂಟು. ಮಾತು ಮುರಿದಾಗ ಎಲ್ಲವೂ ಮುಗಿಯಿತೆಂದು ಕಣ್ಣೊರೆಸಿಕೊಂಡು ಹೊರಬರುವವರೇ ಹೆಚ್ಚು. ವಾಸ್ತವ ಹಾಗಿಲ್ಲ.

ಒಪ್ಪಂದವಾಗಲಿಲ್ಲ ಎಂಬ ವರದಿಯೊಡನೆ ಕಡತ ನ್ಯಾಯಾಧೀಶರ ಬಳಿಗೆ ಮರಳುತ್ತದೆ. ಕೋಣೆಯೊಳಗೆ ಆಡಿದ ಮಾತು, ಒಪ್ಪಿದ ತಪ್ಪು ಗೋಪ್ಯ. ಅವನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಮುಂದೆ ವಿಚಾರಣೆ, ಸಾಕ್ಷ್ಯ, ಪಾಟೀಸವಾಲು. 1955ರ ಹಿಂದೂ ವಿವಾಹ ಕಾಯ್ದೆಯಂತೆ ಕ್ರೌರ್ಯ, ಎರಡು ವರ್ಷದ ಪರಿತ್ಯಾಗ ಮೊದಲಾದ ಕಾರಣಗಳಲ್ಲೊಂದನ್ನು ಅರ್ಜಿದಾರರು ರುಜುವಾತುಪಡಿಸಬೇಕು. ಜಗಳದ ನೆನಪು ಸಾಲದು. ದಿನಾಂಕ, ಪತ್ರ, ಚಿಕಿತ್ಸೆಯ ಚೀಟಿ ಬೇಕು. ಮನೆಯ ಮಾತು ಹತ್ತು ಜನರ ಕಿವಿಗೆ ಬೀಳುವುದು ಬೇಡವೆಂದರೆ, ಒಬ್ಬರು ಕೋರಿದರೂ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ.

ತೀರ್ಪು ಬರುವತನಕ ಒಲೆ ಉರಿಯಬೇಕಲ್ಲ? ಅದಕ್ಕೆ ಮಧ್ಯಂತರ ಜೀವನಾಂಶದ ಅರ್ಜಿಯಿದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಮಗು ಯಾರ ಬಳಿ ಇರಬೇಕು, ಇನ್ನೊಬ್ಬರು ಯಾವಾಗ ನೋಡಬೇಕು ಎಂಬುದಕ್ಕೂ ಮಧ್ಯಂತರ ಆದೇಶ ಪಡೆಯಬಹುದು. ವಕೀಲರಿಗೆ ಕೊಡಲು ಹಣವಿಲ್ಲದ ಹೆಣ್ಣುಮಕ್ಕಳು ಎದೆಗುಂದಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ನೆರವುಂಟು.

ರಾಜಿಯ ಬಾಗಿಲೂ ಮುಚ್ಚುವುದಿಲ್ಲ. ವಿಚಾರಣೆಯ ನಡುವೆಯೂ ದಂಪತಿ ಮನಸ್ಸು ಬದಲಿಸಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಬರಬಹುದು. ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿಯ ನಂತರ ಆರು ತಿಂಗಳು ಕಾಯುವ ನಿಯಮವನ್ನು ಸೂಕ್ತ ಪ್ರಕರಣಗಳಲ್ಲಿ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೋರಾಡಿ ಪಡೆದ ತೀರ್ಪು ಒಪ್ಪಿಗೆಯಾಗದಿದ್ದರೆ ನಿಗದಿತ ಅವಧಿಯೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.

ಸಂಜೆಯ ಹೊತ್ತಿಗೆ ಬೆಂಚುಗಳು ಖಾಲಿಯಾಗುತ್ತವೆ. ಒಂದೇ ಮೆಟ್ಟಿಲಿಳಿದ ಗಂಡ ಹೆಂಡತಿ ಬೇರೆ ಬೇರೆ ಆಟೋ ಹಿಡಿಯುತ್ತಾರೆ. ಮದುವೆ ಉಳಿಯದಿದ್ದರೂ ಮರ್ಯಾದೆ ಉಳಿಸಿಕೊಂಡು ಬೇರೆಯಾಗಲು ಸಾಧ್ಯ. ಅಪ್ಪ ಅಮ್ಮನಾಗಿ ಉಳಿಯಬೇಕಾದವರಿಗೆ ಅದು ಸಣ್ಣ ಲಾಭವಲ್ಲ.